ವೈನಿಯ ಚಾನೆಲ್ಲೂ ಕಂಪನಿಯವರ ಗೋಪುರವೂ

ಮೇಲ್ ಬಂದಾಗ ನಾನು ಸಯನ್ ಸ್ಟೇಷನ್ನಿನಲ್ಲಿ ಲೋಕಲ್‌ಗಾಗಿ ಕಾಯುತ್ತಿದ್ದೆ. ಬಂದದ್ದು ನನಗಲ್ಲ, ನನ್ನ ವೈನಿಗೆ, ಅಂದರೆ ತೀರಿಹೋದ ನನ್ನ ಅಣ್ಣನ ಹೆಂಡತಿಗೆ. ಇಂಗ್ಲಿಷಿನಲ್ಲಿ ಏನೇ ಬರಲಿ, ಲೈಟ್ ಬಿಲ್ಲಿನ ತಕರಾರಿರಲಿ, ಯಾವುದೋ ಬ್ಯಾಂಕಿನ ಜಾಹೀರಾತಿರಲಿ, ವೈನಿ ಅದನ್ನು ಓದುವ ಗೋಜಿಗೆ ಹೋಗದೆ ನೇರವಾಗಿ ನನ್ನ ಫೋನಿಗೆ ದಾಟಿಸುತ್ತಾರೆ. ಪರೇಲಿನ ಆಫೀಸೊಂದರಲ್ಲಿ ಅಕೌಂಟ್ಸ್ ನೋಡುವ ನಾದಿನಿಗೆ ಲೋಕದ ಇಂಗ್ಲಿಷೆಲ್ಲ ಬರುತ್ತದೆ ಎಂದು ಅವರ ಭರವಸೆ. ಈ ಸಲ ಮೇಲಿನ ಜೊತೆಗೆ ಒಂದು ವಾಯ್ಸ್ ಮೆಸೇಜೂ ಇತ್ತು: “ಯಾವದೋ ಕಂಪನಿಯವರು ಬರದಾರ ನೋಡವಾ. ನಮ್ಮ ವಿಡಿಯೋ ಅವರಿಗೆ ಭಾಳ ಸೇರಿರಬೇಕು.”

ಸೇರಿತ್ತು, ಸೇರದೆ ಏನು! ಗಾಡಿ ಹತ್ತಿ, ಲೇಡೀಸ್ ಡಬ್ಬಿಯ ಬಾಗಿಲ ಬಳಿಯ ಕಂಬಕ್ಕೆ ಒರಗಿ ಓದಿದೆ. ಮೊದಲ ಸಾಲಿನಲ್ಲೇ ಕಾಪಿರೈಟ್, ಮುಂದೆ ಅನುಮತಿಯಿಲ್ಲದ ಹಂಚಿಕೆ, ಕೊನೆಗೆ ಕಾನೂನು ಕ್ರಮ. ನಮ್ಮ ಸಾಫ್ಟ್‌ವೇರನ್ನು ನೀವು ಬಿಟ್ಟಿ ಹಂಚುತ್ತಿದ್ದೀರಿ, ವಾರದೊಳಗೆ ತೆಗೆಯದಿದ್ದರೆ ವಕೀಲರು ನೋಡಿಕೊಳ್ಳುತ್ತಾರೆ ಎಂದು ಬರೆದಿದ್ದರು. ಆ ಸಾಫ್ಟ್‌ವೇರ್ ಬಳಸುವುದನ್ನು ತೋರಿಸಿಕೊಟ್ಟಿದ್ದ ವಿಡಿಯೋವನ್ನು ಆಗಲೇ ತೆಗೆಸಿಹಾಕಿದ್ದರು. ಅದರ ಬೆನ್ನಿಗೇ ವಿಡಿಯೋ ಸೈಟಿನವರ ಮೇಲ್: ಇದು ಮೊದಲ ಎಚ್ಚರಿಕೆ, ಮೂರಾದರೆ ಚಾನೆಲ್ ಮುಚ್ಚುತ್ತೇವೆ. ಹಿಂದೆ ನಿಂತವಳು “ಉತರ್‌ನಾ ಹೈ ಕ್ಯಾ?” ಎಂದು ಬೆನ್ನಿಗೆ ತಿವಿಯದಿದ್ದರೆ ಪರೇಲ್ ದಾಟಿ ಮುಂದೆ ಹೋಗಿಬಿಡುತ್ತಿದ್ದೆ.

ಆ ಚಾನೆಲ್ ಮುಚ್ಚಿದರೆ ವೈನಿಯ ಮನೆಯ ಒಲೆ ಹೊತ್ತುವುದಿಲ್ಲ. ಚಂದಕ್ಕೆಂದು ಈ ಮಾತು ಹೇಳುತ್ತಿಲ್ಲ. ಅಣ್ಣ ಹೋದಮೇಲೆ ನೌಕರಿ ಹುಡುಕಿ ಹುಡುಕಿ ಸಾಕಾಗಿ, ಕೊನೆಗೆ ವೈನಿ ತಮಗೆ ಬರುವ ಒಂದೇ ವಿದ್ಯೆಯನ್ನು ಫೋನಿನ ಮುಂದೆ ಇಟ್ಟರು: ಕಸೂತಿ. ಬಟ್ಟೆಯ ಎಳೆ ಎಣಿಸಿ ಎಣಿಸಿ ಹಾಕುವ ಧಾರವಾಡ ಕಡೆಯ ಕೆಲಸ ಅದು. ಗಂಟು ಹಾಕುವಂತಿಲ್ಲ, ಬಟ್ಟೆಯ ಎರಡೂ ಮಗ್ಗುಲು ಒಂದೇ ಥರ ಕಾಣಬೇಕು. ಅರ್ಧ ಕನ್ನಡ, ಅರ್ಧ ಮರಾಠಿಯಲ್ಲಿ ಅವರು ಹೇಳಿಕೊಡುತ್ತಾ ಹೋದದ್ದನ್ನು ವಿಜಾಪುರ, ಬೆಳಗಾವಿಯವರೂ ನೋಡಿದರು, ಸೊಲ್ಲಾಪುರದವರೂ ನೋಡಿದರು. ಆನ್‌ಲೈನ್ ಕ್ಲಾಸು ಶುರುವಾಯಿತು, ಸೀರೆ ಕುಪ್ಪಸದ ಆರ್ಡರು ಬರತೊಡಗಿತು, ಮಗಳ ಕಾಲೇಜೂ ಅದರಲ್ಲೇ ನಡೆಯುತ್ತಿತ್ತು.

ಇನ್ನು ಆ ಸಾಫ್ಟ್‌ವೇರಿನ ಕಥೆ. ಬಹಳ ಹಿಂದೆ ಹೊಲಿಗೆ ಮಷೀನಿನ ಅಂಗಡಿಯೊಂದರಲ್ಲಿ ಮಾರುತ್ತಿದ್ದ ಸಿ.ಡಿ. ಅದು. ಪರದೆಯ ಮೇಲೆ ಚೌಕುಳಿ ಹಾಳೆ ತೆರೆದುಕೊಳ್ಳುತ್ತದೆ, ಅದರ ಮೇಲೆ ಗೆರೆ ಎಳೆದು ಚಿತ್ತಾರ ಮಾಡಿ ಪ್ರಿಂಟ್ ತೆಗೆದುಕೊಳ್ಳಬಹುದು. ಪರದೇಶದ ಹೆಂಗಸರ ಕಸೂತಿಗೆಂದು ಮಾಡಿದ್ದಂತೆ. ನಮ್ಮದಕ್ಕೆ ಅದು ಹೇಳಿ ಮಾಡಿಸಿದ ಹಾಗೆ ಒಗ್ಗಿತು. ಅಣ್ಣ ವೈನಿಯ ಹೆಸರಿನಲ್ಲೇ ಅದನ್ನು ಕೊಂಡು ತಂದಿದ್ದ. ಆಮೇಲೆ ಆ ಕಂಪನಿ ಮುಳುಗಿತು, ದೊಡ್ಡ ಕಂಪನಿಯೊಂದು ಅದನ್ನು ಕೊಂಡು ಮೂಲೆಗೆ ಒಗೆಯಿತು. ದುಡ್ಡು ಕೊಡುತ್ತೇವೆಂದರೂ ಸಿಗದಂತಾಯಿತು. ಹೊಸ ಕಂಪ್ಯೂಟರುಗಳಲ್ಲಿ ಅದು ಏಳುತ್ತಲೇ ಇರಲಿಲ್ಲ. ವೈನಿಯ ವಾಟ್ಸಾಪ್ ಗುಂಪಿನಲ್ಲಿದ್ದ ಬೆಳಗಾವಿಯ ಒಬ್ಬಾಕೆ ಏನೇನೋ ತಿಪ್ಪರಲಾಗ ಹಾಕಿ ಅದನ್ನು ಎಬ್ಬಿಸಿದಳು. ಎಲ್ಲರಿಗೂ ಸಿಗಲಿ ಎಂದು ವೈನಿ ಅದನ್ನು ಆನ್‌ಲೈನಿನಲ್ಲಿಟ್ಟು ಪ್ರತಿ ವಿಡಿಯೋದ ಕೆಳಗೂ ಲಿಂಕು ಅಂಟಿಸಿದರು. ಕಂಪನಿ ಬಿಟ್ಟುಹೋದ ಕೂಸನ್ನು ಈ ಹೆಂಗಸರು ಸಾಕಿಕೊಂಡಿದ್ದರು.

ಇದರಲ್ಲಿ ಕಳವು ಇದೆ ಎಂದು ಒಬ್ಬರಿಗೂ ಹೊಳೆಯಲಿಲ್ಲ, ಹೊಳೆಯುವುದಾದರೂ ಹೇಗೆ! ನಮ್ಮಲ್ಲಿ ಮದುವೆ ಮನೆಯಲ್ಲಿ ಯಾರ ಸೆರಗಿನ ಮೇಲಾದರೂ ಚಂದದ ನವಿಲು ಕಂಡರೆ, ಗುರುತು ಪರಿಚಯ ಇಲ್ಲದಿದ್ದರೂ “ಒಂಚೂರು ತಡೀರಿ” ಎಂದು ಸೆರಗು ಹಿಡಿದು ನಿಲ್ಲಿಸಿ, ಊಟದ ಪಂಕ್ತಿಯಲ್ಲೇ ಎಳೆ ಎಣಿಸಿಕೊಂಡು ಹೋಗುತ್ತಾರೆ. ಹಿಡಿಸಿಕೊಂಡವಳಿಗೆ ಅದು ಮರ್ಯಾದೆಯ ವಿಷಯ. ಯಾರೂ ಹಿಡಿಯದಿದ್ದರೆ ಬೇಜಾರು.

ನಮ್ಮ ಆಫೀಸಿನ ಲೀಗಲ್ ವಿಭಾಗದಲ್ಲಿ ಒಬ್ಬ ಮರಾಠಿಗರಿದ್ದಾರೆ, ನಿವೃತ್ತಿಗೆ ಹತ್ತಿರವಾದವರು. ಅವರಿಗೆ ಮೇಲ್ ತೋರಿಸಿದೆ. “ಮ್ಯಾಡಮ್, ಟೆನ್ಶನ್ ಮತ್ ಲೋ,” ಎಂದು ಶುರು ಮಾಡಿ ಟೆನ್ಶನ್ ಆಗುವಂಥದ್ದನ್ನೇ ಹೇಳಿದರು. ಕಂಪನಿಗಳಲ್ಲಿ ಕೆಲವು ಕಂಡೂ ಕಾಣದಂತೆ ಇರುತ್ತವಂತೆ, ಅಭಿಮಾನಿಗಳು ಬಿಟ್ಟಿ ಪ್ರಚಾರ ಮಾಡುತ್ತಾರಲ್ಲ ಎಂದು. ಕೆಲವು ಸುಮ್ಮನೆ ಹೆದರಿಸುತ್ತವೆ. ಹೆದರಿದವರನ್ನು ಆಮೇಲೆ ಮುದ್ದು ಮಾಡುವವೂ ಇವೆ. “ಈ ಕಂಪನಿ ಯಾವ ಥರದ್ದೆಂದು ಗೊತ್ತಾಗುವತನಕ ಲಿಂಕ್ ತೆಗೀರಿ, ಬಾಯಿ ಮುಚ್ಚಿಕೊಂಡಿರಿ. ಒಂದಕ್ಷರ ಉತ್ತರ ಬರೆಯಬೇಡಿ. ಬರೆದದ್ದೆಲ್ಲ ಸಾಕ್ಷಿಯಾಗುತ್ತದೆ,” ಎಂದರು.

ನಿಂತ ಕಾಲಲ್ಲೇ ವೈನಿಗೆ ಫೋನ್ ಮಾಡಿದೆ. “ವೈನಿ, ಆ ಲಿಂಕ್ ಈಗಿಂದೀಗ ತಗೀರಿ. ಮತ್ತ ಅವರಿಗೆ ಏನೂ ಉತ್ತರ ಬರೀಬ್ಯಾಡ್ರಿ.”

“ಬರಿಯಂಗಿಲ್ಲವಾ, ನಿನ್ನಾಣಿ,” ಎಂದರು ವೈನಿ. “ಪೊಲೀಸರು ಬರತಾರೇನ? ಬಿಲ್ಡಿಂಗಿನಾಗ ಎಲ್ಲಾರ ಮುಂದ ನನ್ನ ಕರಕೊಂಡು ಹೋದ್ರ ಹೆಂಗ?”

“ಯಾರೂ ಬರಂಗಿಲ್ರಿ” ಎಂದು ಗದರಿದೆನಾದರೂ ಮನಸ್ಸಿನಲ್ಲಿ ಪೊಲೀಸ್ ಜೀಪು ಆಗಲೇ ಅವರ ಬಿಲ್ಡಿಂಗಿನ ಗೇಟಿಗೆ ಬಂದು ನಿಂತಿತ್ತು. ಅವತ್ತು ಕೂಡಿಸಿದ ಲೆಕ್ಕ ಒಂದೂ ಸರಿಬರಲಿಲ್ಲ.

ಮುಂದಿನ ದಿನಗಳಲ್ಲಿ ನನ್ನ ಫೋನ್ ಟಿಂಗ್ ಎಂದರೆ ಎದೆ ಧಸಕ್ ಎನ್ನುತ್ತಿತ್ತು. ಅಂಥದ್ದರಲ್ಲಿ ಭಾನುವಾರ ವೈನಿಯ ಮನೆಗೆ ಹೋದರೆ ಅಲ್ಲಿ ಹಬ್ಬದ ಕಳೆ. ಗುಂಪಿನ ನಾಲ್ಕೈದು ಹೆಂಗಸರು ಕೂತು ಅವಲಕ್ಕಿ ತಿನ್ನುತ್ತಿದ್ದರು. ನಡುವೆ ಡೊಂಬಿವಲಿಯ ಕಾಕು, ಅಂದರೆ ಚಿಕ್ಕಮ್ಮ. ಬಳಗದವರಲ್ಲ, ಆದರೆ ಎಲ್ಲರಿಗೂ ಅವರು ಕಾಕುವೇ. ಮದುವೆಯಾಗಿ ಮುಂಬಯಿಗೆ ಬಂದ ಹೊಸತರಲ್ಲಿ ವೈನಿಗೆ ಕಸೂತಿ ಕಲಿಸಿದ್ದು ಈ ಕಾಕು. ಈಗ ಕಣ್ಣು ಮಂಜಾಗಿದೆ, ಬೆರಳು ಮಾತ್ರ ಇನ್ನೂ ಎಳೆ ತಪ್ಪುವುದಿಲ್ಲ.

“ಬಾರವಾ, ನಿನ್ನ ಚಿಂತಿ ದೂರ ಮಾಡೇವಿ,” ಎಂದರು ಕಾಕು. “ಅವರ ವಸ್ತು ನಾವು ಇಷ್ಟು ವರ್ಷ ಬಳಸೇವಿ, ಹೌದಿಲ್ಲೋ? ಬಾಜೂದವರು ಡಬ್ಬಿಯೊಳಗ ಹೋಳಿಗಿ ಹಾಕಿ ಕಳಸಿದ್ರ ಖಾಲಿ ಡಬ್ಬಿ ತಿರುಗಿ ಕೊಡತೀವೇನ? ಒಂದು ಚಮಚ ಸಕ್ಕರೀನರೆ ಹಾಕಿ ಕೊಡತೀವಿ. ಅದಕ್ಕ ಎಲ್ಲಾರೂ ತಂತಮ್ಮ ಚಲೋ ಡಿಸೈನ್ ಅವರಿಗೆ ಮೇಲ್ ಮಾಡೇವಿ. ತಗೋರಿ ನಿಮ್ಮ ಡಬ್ಬಿ ಅಂತ.”

ನಾನು ನಿಂತಲ್ಲೇ ಕೂತೆ. “ಉತ್ತರ ಬರೀಬ್ಯಾಡ್ರಿ ಅಂದಿದ್ನೆಲ್ರಿ ವೈನಿ!”

“ಉತ್ತರ ಎಲ್ಲಿ ಬರದೇನಿ?” ಎಂದರು ವೈನಿ, ನಿಜವಾಗಿಯೂ ಅರ್ಥವಾಗದೆ. “ಒಂದಕ್ಷರ ಬರದಿಲ್ಲ. ಡಿಸೈನ್ ಕಳಿಸೇನಿ ಅಷ್ಟ.”

ಅಯ್ಯೋ ನನ್ನ ಕರ್ಮವೇ! ಸೋಮವಾರ ಇದನ್ನು ಹೇಳಿದಾಗ ಲೀಗಲ್ಲಿನವರು ಹಣೆ ಚಚ್ಚಿಕೊಳ್ಳುವುದೊಂದು ಬಾಕಿಯಿತ್ತು. ಆ ಪ್ರೋಗ್ರಾಮಿನಲ್ಲಿ ಮಾಡಿದ ಪ್ರತಿ ಫೈಲಿನ ಒಳಗೂ ಸಿ.ಡಿ.ಯ ಸೀರಿಯಲ್ ನಂಬರು ತಾನಾಗಿ ಕೂತಿರುತ್ತದಂತೆ, ಕೊಂಡವರ ಹೆಸರಿನ ಸಮೇತ. ಇಡೀ ಗುಂಪಿನ ಹೆಂಗಸರು ತಮ್ಮ ತಮ್ಮ ಮೇಲ್‌ಗಳಿಂದ, ವೈನಿಯ ಹೆಸರಿನ ಒಂದೇ ನಂಬರಿನ ಫೈಲುಗಳನ್ನು ಕಂಪನಿಗೆ ಉಡಿ ತುಂಬಿ ಕಳಿಸಿದ್ದರು. “ಪೊಲೀಸರಿಗೂ ಇಷ್ಟು ಚೊಕ್ಕ ಸಾಕ್ಷಿ ಜೋಡಿಸಲು ಬರುವುದಿಲ್ಲ,” ಎಂದರು ಅವರು. ನನಗೆ ವೈನಿಯ ಮೇಲೆ, ಕಾಕುವಿನ ಮೇಲೆ, ಆ ಹಾಳು ಡಬ್ಬಿಯ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಸಿಟ್ಟಿನ ಅಡಿಯಲ್ಲಿ ಇದ್ದದ್ದು ಬರೀ ಹೆದರಿಕೆ.

ಕಂಪನಿಯವರು ಏನಾದರೂ ಬೈದಿದ್ದರೆ ಸಮಾಧಾನವಾಗುತ್ತಿತ್ತೇನೋ. ಅವರು ಸುಮ್ಮನಾಗಿಬಿಟ್ಟರು. ವೈನಿ ಊಟ ಬಿಟ್ಟರು. ಹೊಸ ವಿಡಿಯೋ ಹಾಕಲು ಧೈರ್ಯವಿಲ್ಲ, ಹಾಕದಿದ್ದರೆ ಗಳಿಕೆಯಿಲ್ಲ. ಬಾಗಿಲು ಬಡಿದರೆ ಮೊದಲು ಕಿಟಕಿಯಿಂದ ಇಣುಕಿ ನೋಡುವರು. ಒಂದು ಸಂಜೆ ಕೊರಿಯರಿನವನನ್ನು ಸಿವಿಲ್ ಡ್ರೆಸ್ಸಿನ ಪೊಲೀಸ್ ಎಂದುಕೊಂಡು ಬಾಗಿಲೇ ತೆರೆಯಲಿಲ್ಲವಂತೆ. ಅವನು ತಂದಿದ್ದದ್ದು ನಾನೇ ಆರ್ಡರ್ ಮಾಡಿದ್ದ ದಾರದ ಲಡಿಗಳು.

ಕೊನೆಗೆ ಫೋನ್ ಬಂತು. ಬಾಂದ್ರಾದಲ್ಲಿರುವ ಕಂಪನಿಯ ಆಫೀಸಿನಿಂದ ಒಬ್ಬ ಮಹಿಳಾ ಅಧಿಕಾರಿ. ಜೇನಿನಂಥ ಹಿಂದಿ. ಒಮ್ಮೆ ಬಂದು ಹೋಗಿ, ಚಹಾ ಕುಡಿಯೋಣ ಎಂದಳು. ಚಹಾ ಎಂದಾಗ ನನಗೆ ಇನ್ನಷ್ಟು ದಿಗಿಲಾಯಿತು. ರಜೆ ಹಾಕಿ ಹೊರಟೆ. ವೈನಿ ಇಳಕಲ್ ಸೀರೆ ಉಟ್ಟು, ಕೈಯಲ್ಲೊಂದು ಪೊಟ್ಟಣ ಹಿಡಿದು ಬಸ್ ಸ್ಟಾಪಿನಲ್ಲಿ ನಿಂತಿದ್ದರು. ಏನದು ಎಂದರೆ, ಕಸೂತಿ ಹಾಕಿದ ಕುಪ್ಪಸದ ಕಣ, ಇನ್ನೂ ಹೊಲಿಸದ ಬಟ್ಟೆ. “ಬರಿಗೈಲೆ ಹೆಂಗ ಹೋಗೂದವಾ?”

ಗಾಜಿನ ಕೋಣೆಯಲ್ಲಿ ಕೂಡಿಸಿದಳು ಫೋನ್ ಮಾಡಿದ್ದ ಆ ಹುಡುಗಿ. ಹುಡುಗಿಯೇ, ನನ್ನ ವಯಸ್ಸಿನ ಅರ್ಧ. ದೊಡ್ಡ ಪರದೆಯ ಮೇಲೆ ಒಂದೊಂದಾಗಿ ಚಿತ್ತಾರಗಳು ಬಂದವು: ನವಿಲು, ಆನೆ, ತುಳಸಿಕಟ್ಟೆ, ಕಾಕು ಕಲಿಸಿದ ಗೋಪುರ. “ಬ್ಯೂಟಿಫುಲ್ ಹೈ, ಆಂಟೀಜಿ,” ಎಂದಳು. ಅದೇ ಉಸಿರಿನಲ್ಲಿ “ಸಬ್ ಏಕ್ ಹೀ ಸೀರಿಯಲ್ ನಂಬರ್ ಸೇ ಬನಾ ಹೈ” ಎಂದು ನಕ್ಕಳು. ಎಲ್ಲ ಒಂದೇ ನಂಬರಿನವು ಎಂಬುದು ಅವಳಿಗೂ ಗೊತ್ತಾಗಿತ್ತು.

ಕೇಸು ಹಾಕುವುದು ನಮಗೆ ಇಷ್ಟವಿಲ್ಲ, ನಮ್ಮ ಸಾಫ್ಟ್‌ವೇರನ್ನು ಪ್ರೀತಿಸುವವರು ನಮ್ಮ ಕುಟುಂಬದವರೇ ಎಂದಳು. ಹಳೆಯದನ್ನು ಹಂಚುವುದು ನಿಲ್ಲಿಸಬೇಕು. ಅದರ ಹೊಸ ರೂಪ ಬರಲಿದೆ, ತಿಂಗಳ ಬಾಡಿಗೆಯ ಮೇಲೆ. ಗುಂಪಿನವರಿಗೆಲ್ಲ ಅದನ್ನೇ ತೋರಿಸಬೇಕು. ವೈನಿಯನ್ನು ‘ಕಮ್ಯುನಿಟಿ ಪಾರ್ಟ್‌ನರ್’ ಮಾಡುತ್ತಾರೆ. ಕಳಿಸಿದ ಚಿತ್ತಾರಗಳು ಹೊಸ ಸಾಫ್ಟ್‌ವೇರಿನ ಸಂಗ್ರಹದಲ್ಲಿ ಇರುತ್ತವೆ. ಒಪ್ಪಿಗೆಯೆಂದು ಈ ಟ್ಯಾಬ್ಲೆಟ್ಟಿನಲ್ಲಿ ಒಂದು ಟಿಕ್. ನಾನು ಓದಲು ತೊಡಗಿದೆ. ಬೆರಳಿನಿಂದ ಸರಿಸಿದಷ್ಟೂ ಮುಗಿಯದ ಇಂಗ್ಲಿಷು. ‘ಎಲ್ಲ ಹಕ್ಕುಗಳು’ ಎಂಬ ಮಾತು ಕಣ್ಣಿಗೆ ಬಿತ್ತು.

“ಯೆ ಕ್ಯಾ ಹೈ?” ಎಂದೆ.

“ವೋ ತೋ ಸ್ಟ್ಯಾಂಡರ್ಡ್ ಹೈ ಜಿ, ಸಬ್ ಮೇ ಹೋತಾ ಹೈ.”

ಇನ್ನೊಂದು ಪುಟ ಸರಿಸುವಷ್ಟರಲ್ಲಿ ಟ್ಯಾಬ್ಲೆಟ್ಟು ನನ್ನ ಕೈಯಿಂದ ವೈನಿಯ ಕೈಗೆ ಹೋಗಿತ್ತು, ಟಿಕ್ಕೂ ಬಿದ್ದಿತ್ತು. “ಕೇಸ್ ಇಲ್ಲ ಅಂತಾಳಲ್ಲವಾ, ಇನ್ನೇನ ಓದತಿ?” ಎಂದರು. ಅವರ ಕಣ್ಣಿನಲ್ಲಿ ನೀರು ತುಂಬಿತ್ತು. ಆ ಹುಡುಗಿಗೆ ಕುಪ್ಪಸದ ಕಣ ಕೊಟ್ಟು ತಲೆ ಸವರಿದರು. ಕೆಳಗೆ ಬಂದು ರಸ್ತೆಬದಿಯ ಟಪರಿಯಲ್ಲಿ ಚಹಾ ಕುಡಿದೆವು. ಎಷ್ಟೋ ದಿನದ ಮೇಲೆ ವೈನಿ ಒಂದು ವಡಾಪಾವ್ ಪೂರ್ತಿ ತಿಂದರು. ನನಗೂ ಹಗುರಾಯಿತು, ಸುಳ್ಳೇಕೆ ಹೇಳಲಿ.

ಹೊಸ ಸಾಫ್ಟ್‌ವೇರ್ ಬಂತು. ಬಾಡಿಗೆ ಕೊಡಲಾಗದವರು ಗುಂಪಿನಲ್ಲಿದ್ದುಕೊಂಡೇ ಚೌಕುಳಿ ಹಾಳೆಗೆ, ಪೆನ್ಸಿಲ್ಲಿಗೆ ಮರಳಿದರು. ಸಂಗ್ರಹದಲ್ಲಿ ನಮ್ಮ ಗೋಪುರ ‘ಟೆಂಪಲ್ ಬಾರ್ಡರ್’ ಎಂಬ ಹೆಸರು ಹೊತ್ತು ಕೂತಿತ್ತು. ಕಾಕುವಿನ ಗೋಪುರ ಫಾರಿನ್ನಿಗೆ ಹೋಯಿತೆಂದು ವೈನಿ ಪೇಢೆ ಹಂಚಿದರು. ಚಾನೆಲ್ ಮತ್ತೆ ಚೇತರಿಸಿಕೊಂಡಿತು. ನಾನು ಫೋನಿನ ಟಿಂಗ್‌ಗೆ ಬೆಚ್ಚುವುದನ್ನು ಬಿಟ್ಟೆ.

ಬಿಟ್ಟದ್ದೇ ತಪ್ಪಾಯಿತು ನೋಡಿ. ಒಂದು ಮಧ್ಯಾಹ್ನ ಆಫೀಸಿನಲ್ಲಿರುವಾಗ ವೈನಿಯ ಫೋನ್. ಬಿಕ್ಕುತ್ತಿದ್ದರು. ಎರಡನೆಯ ಎಚ್ಚರಿಕೆ ಬಂದಿತ್ತು, ಅದರ ಹಿಂದೆಯೇ ಮೂರನೆಯದು. ಈ ಸಲ ಸಾಫ್ಟ್‌ವೇರಿನ ಸುದ್ದಿಯೇ ಇಲ್ಲದ ವಿಡಿಯೋಗಳ ಮೇಲೆ. ಕಪ್ಪು ಬಟ್ಟೆ, ಬಿಳಿ ದಾರ, ವೈನಿಯ ಎರಡು ಕೈ, “ನಾಕು ಎಳಿ ಮ್ಯಾಲ, ನಾಕು ಎಳಿ ಬಲಕ್ಕ” ಎಂಬ ದನಿ, ಅಷ್ಟೇ ಇದ್ದದ್ದು ಅವುಗಳಲ್ಲಿ. ಅಲ್ಲಿ ಮೂಡುತ್ತಿದ್ದ ಗೋಪುರ ಕಂಪನಿಯ ಸೊತ್ತಂತೆ. ತಕರಾರು ಸಲ್ಲಿಸದಿದ್ದರೆ ವಾರದಲ್ಲಿ ಚಾನೆಲ್ ಬಂದ್, ಹಳೆಯ ವಿಡಿಯೋಗಳೂ ಅಳಿಸಿಹೋಗುತ್ತವೆ.

ಬಾಂದ್ರಾದ ಹುಡುಗಿಗೆ ಫೋನ್ ಹಚ್ಚಿದೆ. “ಆಂಟೀಜಿ, ಮೈನೇ ನಹೀ ಕಿಯಾ. ಸಿಸ್ಟಮ್ ನೇ ಕಿಯಾ ಹೈ,” ಎಂದಳು. ಮಾಡಿದ್ದು ತಾನಲ್ಲ, ಕಂಪನಿಯ ಕಂಪ್ಯೂಟರಂತೆ; ಸಂಗ್ರಹದಲ್ಲಿರುವ ಚಿತ್ತಾರ ಎಲ್ಲೇ ಕಂಡರೂ ಅದು ತಾನಾಗಿ ಹಿಡಿಯುತ್ತದಂತೆ.

“ತೋ ಸಿಸ್ಟಮ್ ಕಾ ನಂಬರ್ ದೋ, ಉಸೀಸೇ ಬಾತ್ ಕರತೀ ಹೂಂ!” ಎಂದು ಕಿರುಚಿದೆ. ಆಫೀಸೆಲ್ಲ ನನ್ನ ಕಡೆ ತಿರುಗಿತು. ಅವಳು ತಾಳ್ಮೆಯಿಂದ, ಆನ್‌ಲೈನಿನಲ್ಲೇ ತಕರಾರು ಹಾಕಿ, ನಾನೂ ಒಳಗಿನಿಂದ ನೂಕುತ್ತೇನೆ ಎಂದಳು. ಕೆಟ್ಟವಳಲ್ಲ ಆಕೆ. ಅದೇ ನನ್ನ ಹೊಟ್ಟೆಯುರಿ, ಬೈಯಲು ಒಬ್ಬರೂ ಸಿಗಲಿಲ್ಲ.

ಶನಿವಾರ ವೈನಿಯ ಮನೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಇಬ್ಬರೂ ಕೂತೆವು. ಪರದೆ ಕೇಳುತ್ತಿತ್ತು: ಈ ಚಿತ್ತಾರ ನಿಮ್ಮ ಸ್ವಂತದ್ದೇ? ಅಥವಾ ಮಾಲೀಕರ ಅನುಮತಿ ಇದೆಯೇ? ಅಥವಾ ಯಾರದೂ ಅಲ್ಲವೇ? ಯಾರದೂ ಅಲ್ಲ ಎನ್ನುವುದಾದರೆ ಹಳೆಯ ಅಚ್ಚಾದ ಪುರಾವೆ ಕೊಡಿ. ಪುರಾವೆ ಎಲ್ಲಿಂದ ತರುವುದು? ಸೆರಗಿನಿಂದ ಸೆರಗಿಗೆ ಬಂದದ್ದನ್ನು ಯಾರು ಅಚ್ಚು ಹಾಕಿಸಿದ್ದರು? ಎಲ್ಲೋ ಒಂದು ಪುಸ್ತಕ ಇರಬಹುದು, ಆದರೆ ನಮಗೆ ಸಿಗುವುದರೊಳಗೆ ಚಾನೆಲ್ ಮಣ್ಣುಪಾಲು. ಅನುಮತಿಗೆ ಕಂಪನಿಯಲ್ಲಿ ‘ಪ್ರೊಸೆಸ್’ ಇದೆಯಂತೆ, ತಿಂಗಳುಗಟ್ಟಲೆ. ‘ನನ್ನದೇ’ ಎಂದು ಟಿಕ್ ಮಾಡಿ, ಅದೇ ಬೇಗ ಆಗುವುದು ಎಂದು ಲೀಗಲ್ಲಿನವರೂ ಹೇಳಿದ್ದರು.

“ಮಾಡ್ರಿ ವೈನಿ,” ಎಂದೆ.

“ನಂದು ಅಂತ ಹೆಂಗ ಹೇಳಲಿ?” ವೈನಿ ಕೈ ಹಿಂದಕ್ಕೆಳೆದುಕೊಂಡರು. “ಕಾಕು ಕಲಿಸಿದ್ದು ಅದು. ಕಾಕುಗ ಅವರ ಅತ್ತಿ. ಅವರತ್ತಿಗೆ ಯಾರೋ. ಹುಟ್ಟಿಸಿದಾಕಿ ನಾನು ಅಂದ್ರ ನಾಲಿಗಿಗೆ ಹುಳ ಬೀಳಂಗಿಲ್ಲೇನ?”

“ಹುಳ ಬಿದ್ರ ನಾ ತಗೀತೇನಿ! ಮುಂದಿನ ತಿಂಗಳ ಏನ್ ತಿಂತೀರಿ? ಮಗಳ ಫೀ ಏನು ಸಿಸ್ಟಮ್ ಕಟ್ಟತೈತೇನು?”

ಇಷ್ಟು ಒರಟಾಗಿ ನಾನು ಅವರೊಡನೆ ಎಂದೂ ಮಾತಾಡಿರಲಿಲ್ಲ. ವೈನಿ ಪರದೆಯತ್ತ ಬಗ್ಗಿದರು. ಕೆಳಗೆ ಇನ್ನೊಂದು ಸಾಲಿತ್ತು. ಈ ಹೇಳಿಕೆ ಸತ್ಯ, ಸುಳ್ಳಾದರೆ ಶಿಕ್ಷೆಗೆ ಒಳಪಡುತ್ತೇನೆ. ಅದರ ಅರ್ಥ ಕೇಳಿದರು, ಹೇಳಿದೆ. ಸೆರಗಿನಿಂದ ಮುಖ ಒರೆಸಿಕೊಂಡು ಎರಡೂ ಕಡೆ ಟಿಕ್ ಹಾಕಿದರು. ಎದ್ದು ಹೋಗಿ ಅಡುಗೆಮನೆಯಲ್ಲಿ ಪಾತ್ರೆ ತಿಕ್ಕತೊಡಗಿದರು. ತೊಳೆದಿಟ್ಟ ಪಾತ್ರೆಗಳೇ ಅವು.

ಚಾನೆಲ್ ಉಳಿಯಿತು. ಎಚ್ಚರಿಕೆಗಳನ್ನು ಹಿಂತೆಗೆದರು. ಬಾಂದ್ರಾದ ಹುಡುಗಿ ಹೇಳಿದ ಮಾತಿಗೆ ತಪ್ಪದೆ ಒಳಗಿನಿಂದ ನೂಕಿದ್ದಳು. ಅಷ್ಟೇ ಅಲ್ಲ, ಮುಂದೆ ತೊಂದರೆಯಾಗದಿರಲೆಂದು ಸಂಗ್ರಹದಲ್ಲಿ ಆ ಗೋಪುರದ ಕೆಳಗೆ ವೈನಿಯ ಪೂರ್ತಿ ಹೆಸರು ಹಾಕಿಸಿ, ಎಲ್ಲ ಹಕ್ಕು ಇವರದು ಎಂದು ಬರೆಸಿದ್ದಳು. ಗುಂಪಿನವರೆಲ್ಲ ಅದನ್ನು ನೋಡಿದರು. ಹೂವಿನ ಚಿತ್ರ, ಚಪ್ಪಾಳೆಯ ಚಿತ್ರ ಬಂದವು. ಆಮೇಲೆ ಗುಂಪು ಒಂಥರಾ ತಣ್ಣಗಾಯಿತು. ಮೊದಲೆಲ್ಲ ದಿನಕ್ಕೆ ಹತ್ತು ಸಲ “ಇದು ನೋಡ್ರಿ, ಅದು ನೋಡ್ರಿ” ಎಂದು ತಮ್ಮ ಕೆಲಸದ ಫೋಟೋ ಹಾಕುತ್ತಿದ್ದವರು ಹಾಕುವುದನ್ನು ಕಡಿಮೆ ಮಾಡಿದರು. ವೈನಿ ಅದನ್ನು ಗಮನಿಸಿದರೋ ಇಲ್ಲವೋ, ನನಗೆ ಹೇಳಲಿಲ್ಲ.

ಒಂದು ಭಾನುವಾರ ಅವರ ಮನೆಯಲ್ಲಿ ಊಟಕ್ಕೆ ಕೂತಿದ್ದೆವು. ಡೊಂಬಿವಲಿಯ ಕಾಕುವಿನ ಫೋನ್ ಬಂತು. ವೈನಿಯ ಕೈಯೆಲ್ಲ ಝುಣಕ ಆಗಿದ್ದರಿಂದ ನಾನೇ ಸ್ಪೀಕರಿಗೆ ಹಾಕಿ ಹಿಡಿದೆ. ಕಾಕು ಅದೂ ಇದೂ ಮಾತಾಡಿದರು, ಮಂಡಿ ನೋವು, ನಲ್ಲಿಯ ನೀರು. ಆಮೇಲೆ ಎಂದೂ ಇಲ್ಲದಂತೆ ವೈನಿಗೆ ಬಹುವಚನ ಹಚ್ಚಿ ಕೇಳಿದರು:

“ಮೊಮ್ಮಗಳ ಮದವಿ ಐತ್ರಿ. ಸೀರಿ ಸೆರಗಿಗೆ ಗೋಪುರ ಹಾಕಬೇಕಂತ ಮಾಡೇನಿ. ಈಗ ಅದು ನಿಮ್ಮ ಹೆಸರಿಗೆ ಆಗೇತಿ ಅಂತಾರ. ಹಾಕಬಹುದೇನ್ರಿ? ಕೇಳಲಾರದ ಹಾಕಿದ್ರ ಏನರೆ ಆದೀತು ಅಂತ ಅಂಜಿಕಿ.”

ವೈನಿ ನನ್ನ ಮುಖ ನೋಡಿದರು. ನಾನು ತಲೆ ತಗ್ಗಿಸಿದೆ. ಬೇಡ ಎನ್ನುವುದಂತೂ ಆಗದು. ನಂದಲ್ಲ ಎಂದರೆ ಟಿಕ್ ಹಾಕಿದ್ದು ಸುಳ್ಳಾಗುತ್ತದೆ.

“ಹಾಕ್ರಿ ಕಾಕು,” ಎಂದರು ವೈನಿ.

“ಭಾಳ ಉಪಕಾರ ಆತ್ರಿ,” ಎಂದರು ಕಾಕು.